ಗೋಧಿ ಬೆರೆತ ಮರಗೆಣಸಿನ ರೊಟ್ಟಿ

ಅತ್ತೆ, ಶ್ರಾವ್ಯಳ ರೊಟ್ಟಿಗೆ ಗೋಧಿಹಿಟ್ಟು ಬೆರೆಸಿದವಳು ನಾನು. ನಿಮ್ಮ ಮರಗೆಣಸಿನಲ್ಲಿ ವಿಷ ಇರಲಿಲ್ಲ. ಇದ್ದರೆ ನನ್ನ ಕೈಯಲ್ಲೇ —

ಇಲ್ಲ, ಹೀಗೆ ಹೇಳಿದರೆ ನಾಟಕದ ಮಾತಾಗುತ್ತದೆ. ನೆಟ್ಟಗೆ ಹೇಳಬೇಕು. ನೀವು ಬಾಲ್ಕನಿಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದೀರಿ. ನಾನು ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದೇನೆ. ಹಾಲು ಆಗಲೇ ಒಮ್ಮೆ ಉಕ್ಕಿ ಹರಿಯಿತು. ಒಲೆ ಒರೆಸಿದೆ, ಮತ್ತೆ ಒರೆಸಿದೆ.

ಶ್ರಾವ್ಯ ಆಗ ಸಣ್ಣ ಕ್ಲಾಸಿನಲ್ಲಿದ್ದಳು. ಅವಳ ತಾಯಿ, ನಿಮ್ಮ ಮಗಳು ಸುಮನಾ, ಅವಳನ್ನು ಕಲ್ಯಾಣದಿಂದ ಇಲ್ಲಿಗೆ, ಘಣಸೋಲಿಗೆ, ಮೇ ರಜೆಗೆ ತಂದು ಬಿಟ್ಟಿದ್ದಳು. ಮಗುವಿನ ಹೊಟ್ಟೆಗೆ ಗೋಧಿ ಆಗುವುದಿಲ್ಲ, ಒಂದು ಚೂರೂ ಕೊಡಬಾರದು ಎಂದು ಡಾಕ್ಟರು ಹೇಳಿದ್ದರು. ಗೆಳತಿಯರೆಲ್ಲ ಡಬ್ಬಿಯಲ್ಲಿ ಚಪಾತಿ ತರುವಾಗ ತಾನೊಬ್ಬಳೇ ದಿನಾ ಅನ್ನ ಒಯ್ಯಲು ಅವಳಿಗೆ ನಾಚಿಕೆ. ಆಗ ನಿಮಗೆ ನೆನಪಾದದ್ದು ಮರಗೆಣಸು. ಉಡುಪಿಯಲ್ಲಿ ನೀವು ಚಿಕ್ಕವರಿದ್ದಾಗ, ಅಕ್ಕಿ ಮುಗಿದ ದಿನಗಳಲ್ಲಿ ಮನೆಮಂದಿಯ ಹೊಟ್ಟೆ ತುಂಬಿಸಿದ್ದು ಅದೇ ಅಲ್ಲವೇ?

ಕೇರಳದವರ ಅಂಗಡಿಯಿಂದ ತರಿಸಿದಿರಿ. ಮೇಲಿನ ಸಿಪ್ಪೆ, ಅದರಡಿಯ ದಪ್ಪ ಪೊರೆ ಎರಡನ್ನೂ ಸುಲಿದು, ಹೋಳು ಮಾಡಿ ನೆನೆಹಾಕಿ, ಮುಚ್ಚಳ ಹಾಕದೆ ಬೇಯಿಸಿ, ಆ ನೀರನ್ನು ಪೂರ್ತಿ ಬಸಿದು ಚೆಲ್ಲುತ್ತಿದ್ದಿರಿ. ಟೆರೇಸಿನಲ್ಲಿ ಹಳೆಯ ಸೀರೆ ಹಾಸಿ ಒಣಗಿಸಿ, ಪುಡಿ ಮಾಡಿ, ಬಾಳೆಲೆಯ ಮೇಲೆ ರೊಟ್ಟಿ ತಟ್ಟುತ್ತಿದ್ದಿರಿ. ಗೋಧಿಹಿಟ್ಟಿನ ಡಬ್ಬಿಯನ್ನು ಕಪಾಟಿನ ಮೇಲೆ ಏರಿಸಿ ಇಟ್ಟಿದ್ದಿರಿ, ಯಾರ ಕೈಗೂ ಸುಲಭಕ್ಕೆ ಸಿಗದ ಹಾಗೆ.

ಒಂದು ಬೆಳಿಗ್ಗೆ ನೀವು ಭಜನೆಗೆ ಹೋಗಿದ್ದಿರಿ. ಮಗು ನನ್ನ ಸೆರಗು ಹಿಡಿದು, “ಮಾಮಿ, ಅಜ್ಜಿದು ಹಾರ್ಡ್ ಆಗ್ತದೆ. ಚಪಾತಿ ಜೈಸಾ ಸಾಫ್ಟ್ ಬನಾವೊ ನಾ” ಎಂದಳು, ಚಪಾತಿಯಂತೆ ಮೆತ್ತಗೆ ಮಾಡಿಕೊಡಬೇಕಂತೆ. ನಾನು ತಟ್ಟಿದ ರೊಟ್ಟಿ ಕಾವಲಿಗೆ ಹಾಕುವ ಮೊದಲೇ ಮುರಿಯಿತು. ಮತ್ತೊಂದೂ ಮುರಿಯಿತು. ಸ್ಟೂಲು ಎಳೆದು ಹತ್ತಿ ಆ ಡಬ್ಬಿ ಇಳಿಸಿದೆ.

ರೊಟ್ಟಿ ಮುರಿಯಿತು ಎಂಬುದು ಅರ್ಧ ಸತ್ಯ. ಇನ್ನರ್ಧ — ನಾನು ಆ ಕಾಯಿಲೆಯನ್ನು ನಂಬಿರಲಿಲ್ಲ. ಗೋಧಿ ತಿಂದು ಯಾರಿಗಾದರೂ ಏನಾದರೂ ಆಗುತ್ತದೆಯೇ, ಇದೆಲ್ಲ ಸುಮನಾಳ ಅತಿ ಎಂದುಕೊಂಡಿದ್ದೆ. ನಿಮ್ಮ ಗೆಣಸು, ನಿಮ್ಮ ಮೊಮ್ಮಗಳು, ಮನೆಯಿಡೀ ಅದೇ ಮಾತು. ನನಗೆ ಹೊಟ್ಟೆಯುರಿ ಇತ್ತು. ಮಗು ತಿಂದು ಸುಖವಾಗಿದ್ದರೆ ಸಂಜೆ ನಿಮ್ಮೆಲ್ಲರ ಮುಂದೆ “ನೋಡಿ, ಏನೂ ಆಗ್ಲಿಲ್ಲ” ಎನ್ನಬೇಕೆಂದು ಮಾತು ಕೂಡ ಸಿದ್ಧಮಾಡಿಟ್ಟುಕೊಂಡಿದ್ದೆ. ಅವಳು ಚಪ್ಪರಿಸಿ ತಿಂದಳು. ನಾನು ಹಿಗ್ಗಿದೆ.

ಸಂಜೆಗೆ ವಾಂತಿ ಶುರುವಾಯಿತು. ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಆ ಪುಟ್ಟ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಏನು ತಿಂದಿದ್ದಾಳೆ ಎಂದು ಡಾಕ್ಟರು ಕೇಳಿದಾಗ, ಓಡಿ ಬಂದಿದ್ದ ಸುಮನಾ ಮರಗೆಣಸು ಎಂದಳು. ಸರಿಯಾಗಿ ಬೇಯಿಸದಿದ್ದರೆ ಅದರಲ್ಲಿ ವಿಷ ಉಳಿಯಬಹುದು ಎಂದರು ಅವರು. ಸುಮನಾ ನಿಮ್ಮ ಕಡೆ ತಿರುಗಿದಳು. “ಅಮ್ಮಾ, ನಿಂಗೆ ಯಾರು ಹೇಳಿದ್ದು ಊರಿನದ್ದೆಲ್ಲ ಇಲ್ಲಿ ಮಾಡ್ಲಿಕ್ಕೆ?”

ನೀವು ನನ್ನನ್ನು ನೋಡಿದಿರಿ. “ವಸಂತೀ, ನಾನು ನೀರು ಬಸಿದಿದ್ದೆ ಅಲ್ವಾ? ನೀನು ನೋಡಿದ್ದಿ ಅಲ್ವಾ ಮಗಾ?”

“ನಾನು ಅಷ್ಟು ಗಮನ ಕೊಡ್ಲಿಲ್ಲ ಅತ್ತೆ” ಎಂದೆ.

ನಾನು ನೋಡಿದ್ದೆ. ಜಾಲರಿ ಹಿಡಿದು ನಿಂತಿದ್ದವಳೇ ನಾನು, ಬಿಸಿ ಆವಿ ನನ್ನ ಮುಖಕ್ಕೆ ಹೊಡೆದಿತ್ತು. ಡಾಕ್ಟರು ಎದುರಿಗೇ ಇದ್ದರು, ಅವರಿಗಾದರೂ ನಿಜ ತಿಳಿಯಬೇಕಿತ್ತು, ಮಗುವಿನ ಜೀವದ ಪ್ರಶ್ನೆ — ಆಗಲೂ ನಾನು ಬಾಯಿ ಬಿಡಲಿಲ್ಲ. ಅವಳು ಚೇತರಿಸಿಕೊಂಡದ್ದು ನನ್ನ ಪುಣ್ಯದಿಂದಲ್ಲ.

ಆಮೇಲೆ ನೀವು ಒಲೆಯಿಂದ ದೂರ ಸರಿದಿರಿ. ತರಕಾರಿ ಹೆಚ್ಚಿ ಕೊಟ್ಟರೆ ಆಯಿತು. ಒಂದು ಸಾರು ಮಾಡಿದರೂ ಮೊದಲು ನೀವೇ ಕುಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ನಮಗೆ ಬಡಿಸುತ್ತಿದ್ದಿರಿ. ಅದನ್ನು ನಾನು ವರ್ಷಗಟ್ಟಲೆ ನೋಡಿದೆ. ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ನೆರೆಯವರಿಗೆ ಹೇಳಿಯೂ ಬಿಟ್ಟೆ.

ಶ್ರಾವ್ಯ ಈಗ ಕಾಲೇಜಿನ ಹುಡುಗಿ. ಕಳೆದ ವಾರ ಬಂದಾಗ ಮಾಲಿನಲ್ಲಿ ಕೊಂಡ ಒಂದು ಪೊಟ್ಟಣ ತಂದಿದ್ದಳು. ಮರಗೆಣಸಿನ ಹಿಟ್ಟು! ಗೋಧಿ ಆಗದವರಿಗೆ ಒಳ್ಳೆಯದಂತೆ. “ಅಜ್ಜೀ, ರೊಟ್ಟಿ ಬನಾವೊ ನಾ” ಎಂದು ನಿಮ್ಮ ಮಡಿಲಲ್ಲಿ ಇಟ್ಟಳು. ನೀವು ಕೈ ಹಿಂದಕ್ಕೆ ಎಳೆದುಕೊಂಡಿರಿ. “ಬೇಡ ಮಗಾ, ನನ್ನ ಕೈ ಒಳ್ಳೇದಲ್ಲ” ಎಂದಿರಿ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇವತ್ತು ಮಧ್ಯಾಹ್ನ ತಾಯಿ ಮಗಳು ಊಟಕ್ಕೆ ಬರುತ್ತಾರೆ. ಬೆಳಿಗ್ಗೆಯೇ ಹೋಗಿ ಮರಗೆಣಸು ತಂದಿದ್ದೇನೆ, ಮಣ್ಣು ಕೂಡ ತೊಳೆದಿಲ್ಲ, ಸಿಂಕಿನ ಪಕ್ಕದಲ್ಲಿದೆ. ಈಗಲೇ ಬಾಲ್ಕನಿಗೆ ಬಂದು ನಿಮ್ಮೊಬ್ಬರಿಗೇ ಹೇಳಿಬಿಡಬಹುದು. ಆದರೆ ನೀವು ನನ್ನನ್ನು ಕಾಪಾಡುತ್ತೀರಿ — “ಹೋಗ್ಲಿ ಬಿಡು, ಸುಮನಾಗೆ ಹೇಳ್ಬೇಡ” ಎನ್ನುತ್ತೀರಿ, ನನಗೆ ಗೊತ್ತು. ಅದಕ್ಕೇ ಅವರಿಬ್ಬರ ಎದುರಿನಲ್ಲೇ ಹೇಳುತ್ತೇನೆ. ಆಮೇಲೆ ಶ್ರಾವ್ಯ ನಾನು ಬಡಿಸಿದ್ದನ್ನು ತಿನ್ನದಿರಬಹುದು. ಸುಮನಾ ಈ ಮನೆ ಮೆಟ್ಟಿಲು ಹತ್ತದಿರಬಹುದು. ನೀವು —

ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಅವರೇ ಇರಬೇಕು.

ನೀವು ನೀರು ಬಸಿದಿದ್ದಿರಿ, ಅತ್ತೆ. ನಾನು ನೋಡಿದ್ದೆ.