ಸಾಮಿಲ್ಲಿನಿಂದ ಇನ್ನೂರು ಗಜ ದಕ್ಷಿಣಕ್ಕೆ

ನಮ್ಮ ಸಂಸ್ಥೆಯ ಬಗ್ಗೆ ಪತ್ರಿಕೆಯವರು ಬರೆಯುವಾಗಲೆಲ್ಲ ವಿಜ್ಞಾನಿಗಳ ಹೆಸರು ಬರುತ್ತದೆ, ಕುದುರೆಗಳ ಫೋಟೊ ಬರುತ್ತದೆ, ಒಮ್ಮೊಮ್ಮೆ ಹಾವಿನ ಹಲ್ಲಿನಿಂದ ವಿಷ ಹಿಂಡುವ ನನ್ನ ಕೈಯೂ ಬರುತ್ತದೆ. ಹೊವಿತಾ ಚಿಂಚಿಯಾ ಎಂಬ ಹೆಸರು ಮಾತ್ರ ಇವತ್ತಿನವರೆಗೆ ಬಂದಿಲ್ಲ. ಅದಕ್ಕೇ ನನಗೆ ಸಿಟ್ಟು. ಅಂಗೈಯಗಲದ ನಮ್ಮ ಕೋಸ್ಟರಿಕಾ ದೇಶ ಹಾವಿನ ಕಡಿತಕ್ಕೆ ಮದ್ದು ತಯಾರಿಸಿ ತನಗಿಂತ ಇಪ್ಪತ್ತು ಪಟ್ಟು ದೊಡ್ಡ ದೇಶಕ್ಕೆ ಕಳಿಸುತ್ತದೆ ಅಂದರೆ, ಆ ಕೆಲಸ ಶುರುವಾಗುವುದು ಪ್ರಯೋಗಾಲಯದಲ್ಲಲ್ಲ, ಹೊವಿತಾ ಕೂರುವ ಕಿಟಕಿಯಲ್ಲಿ.

ನಮ್ಮ ಜನಕ್ಕೆ ತೋಟದಲ್ಲಿ ತೆರ್ಸಿಯೊಪೆಲೊ ಕಂಡರೆ ಭಯವಿಲ್ಲವೆಂದಲ್ಲ. ಮಂಡಲದ ಹಾವಿನ ದಾಯಾದಿ ಅದು, ಕಡಿದರೆ ಕಾಲು ಹೋಗುತ್ತದೆ, ಇಲ್ಲವೇ ಪ್ರಾಣ. ಆದರೂ ಅದನ್ನು ಕೊಕ್ಕೆಯಲ್ಲಿ ಹಿಡಿದು, ತೂತು ಕೊರೆದ ಮರದ ಡಬ್ಬಿಗೆ ತುಂಬಿ, ರಾಜಧಾನಿಗೆ ಹೊರಟ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು "ಬಿಸಿಲಿಗಿಡಬೇಡಿ" ಅನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಅಜ್ಜಂದಿರು ರೈಲಿನಲ್ಲಿ ಕಳಿಸುತ್ತಿದ್ದರು. ಯಾರೂ ಕೂಲಿ ಕೇಳುವುದಿಲ್ಲ. ಹಾವು ಹೇಗಿದೆ ಎಂದು ಮಾತ್ರ ಆಮೇಲೆ ಫೋನ್ ಮಾಡಿ ಕೇಳುತ್ತಾರೆ.

ಹೊವಿತಾ ಕಾಫಿ ಸೀಮೆಯವಳು. ಹತ್ತೊಂಬತ್ತನೆಯ ವಯಸ್ಸಿಗೆ ಸೀಸೆ ತೊಳೆಯಲು ಬಂದಳು. ಎರಡು ತಿಂಗಳಿಗೇ ಅವಳ ಅಕ್ಷರ ದುಂಡಗಿದೆ ಎಂದು ಯಾರೋ ಅವಳನ್ನು ಹಾವು ಬರಮಾಡಿಕೊಳ್ಳುವ ಕಿಟಕಿಗೆ ಕೂರಿಸಿದರು. ಅಲ್ಲಿಂದ ಇಪ್ಪತ್ತೇಳು ವರ್ಷ ಅದೇ ಕುರ್ಚಿ. ನಮ್ಮಲ್ಲಿ ಮಕ್ಕಳನ್ನೂ ನಾಯಿಯನ್ನೂ "ನೀವು" ಅನ್ನುವುದು ರೂಢಿ, ಹೊವಿತಾ ಹಾವನ್ನೂ ಹಾಗೇ ಮಾತಾಡಿಸುತ್ತಾಳೆ. "ಬಂದ್ರಾ ತಾಯಿ? ದಾರೀಲಿ ಕುಲುಕಾಟ ಜಾಸ್ತಿ ಆಯ್ತೇನೋ. ಸುಮ್ನಿರಿ, ಸಿಟ್ಟು ಮಾಡ್ಕೋಬೇಡಿ." ಆಮೇಲೆ ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಾಳೆ: ಕಳಿಸಿದವರು ಯಾರು, ಯಾವ ದಿನ, ಡಬ್ಬಿಯಲ್ಲಿ ಮೆತ್ತೆಗೆ ಏನು ಹಾಕಿದ್ದರು, ಹಾವು ಸಿಕ್ಕ ಜಾಗ ಎಲ್ಲಿ.

ಜಾಗ ಬರೆಯುವುದೇ ದೊಡ್ಡ ವಿದ್ಯೆ. ನಮ್ಮ ದೇಶದಲ್ಲಿ ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ಇದ್ದರೂ ಯಾರಿಗೂ ಗೊತ್ತಿಲ್ಲ. "ಅತ್ತಿಮರದಿಂದ ನಾನೂರು ಗಜ ಉತ್ತರಕ್ಕೆ" ಅನ್ನುತ್ತೇವೆ. ಆ ಮರ ಉರುಳಿ ನಲವತ್ತು ವರ್ಷ ಆಗಿರುತ್ತದೆ, ಆದರೆ ಅಂಚೆಯವನೂ ಅಲ್ಲಿಂದಲೇ ಎಣಿಸುತ್ತಾನೆ. ಹೋದ ಮರ, ಮುಚ್ಚಿದ ಅಂಗಡಿ, ಕೆಡವಿದ ಸಿನಿಮಾ ಮಂದಿರ ಎಲ್ಲವೂ ಹೊವಿತಾಗೆ ಬಾಯಿಪಾಠ.

ಹೋದ ವರ್ಷ ಕೊಲಂಬಿಯಾದವರು ಇಪ್ಪತ್ತು ಸಾವಿರ ಸೀಸೆ ಮದ್ದು ಕೇಳಿದರು. ಅದರ ತಪಾಸಣೆಗೆಂದು ದೊಕ್ತೋರಾ, ಅಂದರೆ ಡಾಕ್ಟರ್, ಪಿಯೆದಾದ್ ಅರ್ಬೆಲಾಯೆಸ್ ಎಂಬಾಕೆ ಬಂದರು. ಮೆದೆಯಿನ್ ಪಟ್ಟಣದವರು. ಅಲ್ಲಿ ಪ್ರತಿ ಬಾಗಿಲಿಗೂ ನಂಬರು. ಮೂರು ದಿನ ಪ್ರಯೋಗಾಲಯದಲ್ಲಿ ಒಂದು ಕೂದಲಿನಷ್ಟು ತಪ್ಪೂ ಅವರಿಗೆ ಸಿಗಲಿಲ್ಲ. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ನಾಲ್ಕನೇ ದಿನ ಹೊವಿತಾಳನ್ನೂ ನನ್ನನ್ನೂ ಮೇಜಿಗೆ ಕೂರಿಸಿಕೊಂಡು ಅವಳ ರಿಜಿಸ್ಟರ್ ತೆರೆದರು.

ನಮ್ಮ ದೇಶದ ನಡುವೆ ಬೆಟ್ಟಸಾಲು. ಅದರ ಪೂರ್ವದ ಹಾವಿನ ವಿಷಕ್ಕೂ ಪಶ್ಚಿಮದ ಹಾವಿನ ವಿಷಕ್ಕೂ ವ್ಯತ್ಯಾಸ ಉಂಟು. ಆದ್ದರಿಂದ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಹಾವಿನ ವಿಷ ಬೆರೆಸಿ, ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಮದ್ದು ತೆಗೆಯುತ್ತೇವೆ. ನಲವತ್ತು ಹಾವೂ ಎಲ್ಲಿಯವೆಂದು ಖಾತ್ರಿಯಾಗದಿದ್ದರೆ ದೊಕ್ತೋರಾ ಸಹಿ ಹಾಕುವುದಿಲ್ಲ. ಸಹಿ ಬೀಳದಿದ್ದರೆ ವರ್ಷದ ದುಡಿಮೆಯೆಲ್ಲ ಚರಂಡಿಗೆ, ಮಳೆಗಾಲದಲ್ಲಿ ಅವರ ಆಸ್ಪತ್ರೆಗಳಲ್ಲಿ ಮದ್ದಿಲ್ಲ, ಹೊವಿತಾಳ ರಿಜಿಸ್ಟರುಗಳು ಗುಜರಿಗೆ.

"ತೀರ್ಕೊಂಡ ದೊನ್ ನೆರೆಯೊ ಅವರ ಅಂಗಡಿ ಇದ್ದ ಕಡೆಯಿಂದ ಮುನ್ನೂರು ಗಜ," ದೊಕ್ತೋರಾ ಗಟ್ಟಿಯಾಗಿ ಓದಿದರು. "ಇದು ವಿಜ್ಞಾನಾನಾ, ಶ್ರಾದ್ಧದ ಪಟ್ಟೀನಾ?"

"ನಕ್ಷೆ ಕೊಡಿ," ಅಂದಳು ಹೊವಿತಾ.

ಒಂದೊಂದೇ ಹಾವಿಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟಳು. ದೊಕ್ತೋರಾ ತಮಗೆ ತೋಚಿದ ಐದನ್ನು ಆರಿಸಿ, ಕಳಿಸಿದವರಿಗೆ ಫೋನ್ ಹಚ್ಚಿ ವಿಚಾರಿಸಿದರು. ಐದೂ ಸರಿ. ಮೂವತ್ತೊಂದನೆಯ ಹಾವಿಗೆ ಬರುವಷ್ಟರಲ್ಲಿ ಅವರ ಮುಖ ಸಡಿಲವಾಗಿತ್ತು.

"ಸಾಂತಾ ರೋಸಾ. ಸಾಮಿಲ್ಲಿಂದ ಇನ್ನೂರು ಗಜ ದಕ್ಷಿಣಕ್ಕೆ," ಎಂದು ಓದಿ ನಕ್ಕರು. "ಈ ಸಾಮಿಲ್ಲಿಗೆ ಏನಾಗಿತ್ತು? ಜ್ವರವಾ?"

"ಸುಟ್ಟುಹೋಯ್ತು. ಹನ್ನೆರಡು ವರ್ಷ ಆಯ್ತು. ಪಶ್ಚಿಮದ್ದು." ಹೊವಿತಾ ಚುಕ್ಕೆ ಇಟ್ಟಳು. ದೊಕ್ತೋರಾ ಆಗಲೇ ಪುಟ ತಿರುವಿದ್ದರು. ಹೊವಿತಾ ಕೈಚಾಚಿ ಅದನ್ನು ಹಿಂದಕ್ಕೆ ತಿರುವಿದಳು. ತನ್ನದೇ ಅಕ್ಷರವನ್ನು ಎರಡು ಸಲ ಓದಿಕೊಂಡಳು. ಡಬ್ಬಿಯ ಮೆತ್ತೆ: ಕೋಕೋ ಕಾಯಿಯ ಸಿಪ್ಪೆ.

ನನಗೂ ಹೊಳೆಯಿತು. ಪಶ್ಚಿಮದ ಸಾಂತಾ ರೋಸಾದಲ್ಲಿ ಕೋಕೋ ಬೆಳೆಯುವುದಿಲ್ಲ. ಸಾಂತಾ ರೋಸಾ ಎಂಬ ಊರು ಪೂರ್ವದಲ್ಲೂ ಒಂದಿದೆ, ಅಲ್ಲಿ ಕೋಕೋ ತೋಟಗಳೇ. ಮೇಜಿನಡಿ ಅವಳ ಕಾಲನ್ನು ಮೆಲ್ಲಗೆ ಒದ್ದೆ. "ದೊನ್ಯಾ ಹೊವಿತಾ," ಪಿಸುಗುಟ್ಟಿದೆ, "ನಲವತ್ತರಲ್ಲಿ ಒಂದೇ ಹಾವು, ಬಿಟ್ಬಿಡಿ."

"ಒಂದು ಹಾವಿಗೆ ಎರಡು ಹಲ್ಲು," ಅಂದಳು, ಪಿಸುಗುಟ್ಟದೆ. "ಕಾಲು ತೆಗೀರಿ."

ಆಮೇಲೆ ದೊಕ್ತೋರಾ ಕಡೆ ತಿರುಗಿದಳು. "ಇದು ತಪ್ಪು. ನಾನೇ ಮಾಡಿದ್ದು. ಸಾಮಿಲ್ಲು ಅಂದ ತಕ್ಷಣ ಪಶ್ಚಿಮದ ಆ ಸುಟ್ಟುಹೋದದ್ದೇ ಅಂದ್ಕೊಂಡೆ. ಇನ್ನೂ ನಿಂತಿರೋ ಸಾಮಿಲ್ಲಿಂದ ಯಾರಾದ್ರೂ ವಿಳಾಸ ಹೇಳ್ತಾರೆ ಅಂತ ನನ್ನ ತಲೇಗೆ ಬರ್ಲಿಲ್ಲ."

ಹಾವು ಕಳಿಸಿದ ದೊನ್ ಬೊಲಿವಾರ್‌ಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಆತನ ದನಿಗಿಂತ ಮೊದಲು ಗರಗಸದ ಕಿರುಚಾಟ ಕೋಣೆ ತುಂಬಿತು.

"ಜೋರಾಗಿ ಹೇಳೀಮ್ಮಾ, ಸಾಮಿಲ್ಲು ಓಡ್ತಾ ಇದೆ. ನಮ್ಮ ಹಾವು ಹೇಗಿದೆ?"

"ಚೆನ್ನಾಗಿದಾರೆ ದೊನ್ ಬೊಲಿವಾರ್. ನಿಮ್ಮ ಸಾಮಿಲ್ಲು ಇದೆಯೋ ಇಲ್ವೋ ಅಂತ ಕೇಳೋಕೆ ಫೋನ್ ಮಾಡ್ದೆ."

"ಇರದೆ ಎಲ್ಲಿ ಹೋಗತ್ತೆ? ಹಗಲೆಲ್ಲ ತಲೆ ತಿನ್ನತ್ತೆ."

ಹೊವಿತಾ ಚುಕ್ಕೆ ಅಳಿಸಿ ಬೆಟ್ಟಸಾಲಿನ ಪೂರ್ವಕ್ಕೆ ಇಟ್ಟಳು. ಪೂರ್ವದ್ದು ಇಪ್ಪತ್ತೊಂದು, ಪಶ್ಚಿಮದ್ದು ಹತ್ತೊಂಬತ್ತು. ದೊಕ್ತೋರಾ ಪೆನ್ನಿನ ಮುಚ್ಚಳ ಹಾಕಿದರು. ಮದ್ದನ್ನು ಎರಡೂ ಕಡೆಯ ವಿಷದೆದುರು ಬೇರೆಬೇರೆಯಾಗಿ ಮತ್ತೆ ಪರೀಕ್ಷಿಸಬೇಕು, ತಾವು ನಿಂತು ನೋಡಬೇಕು, ಒಂದರಲ್ಲಿ ಸೋತರೂ ಪೂರಾ ಸರಕು ತಿರಸ್ಕಾರ ಎಂದರು.

ಎಂಟು ದಿನ ಹಿಡಿಯಿತು. ಆ ಎಂಟು ದಿನವೂ ನಾನು ಹೊವಿತಾ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ. ಮೂರು ಗಂಟೆಯ ಕಾಫಿಗೂ ಅವಳ ಪಕ್ಕ ಕೂರಲಿಲ್ಲ. ಅವಳು ತನ್ನ ಪಾಡಿಗೆ ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿ ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದಳು. ಅವಳೂ ನಿದ್ದೆ ಬಿಟ್ಟಿದ್ದಳೆಂದು ಕಣ್ಣು ಹೇಳುತ್ತಿತ್ತು.

ಮದ್ದು ಗೆದ್ದಿತು. ಪೂರ್ವದ ವಿಷದೆದುರೂ ಗೆದ್ದಿತು, ಪಶ್ಚಿಮದ ವಿಷದೆದುರೂ ಗೆದ್ದಿತು, ಬೇಕಾದ್ದಕ್ಕಿಂತ ಮೇಲೆಯೇ. ನಮ್ಮ ಕುದುರೆಗಳ ಮೇಲೆ ನನಗೆ ಮೊದಲಿಂದಲೂ ನಂಬಿಕೆಯಿತ್ತು, ಹೆದರಿದ್ದು ಕಾಗದಕ್ಕೆ. ದೊಕ್ತೋರಾ ಸಹಿ ಹಾಕಿದರು. ವರದಿಯಲ್ಲಿ "ತಪ್ಪು ಕಂಡುಹಿಡಿದವರು" ಎಂಬ ಜಾಗದಲ್ಲಿ ತಮ್ಮ ಹೆಸರು ಬರೆಯದೆ ಹೊವಿತಾ ಚಿಂಚಿಯಾ ಎಂದು ಬರೆದರು. "ಈ ಕೆಲಸಕ್ಕೆ ಸೇರಿ ಹದಿನಾರು ವರ್ಷ ಆಯ್ತು," ಎಂದು ನನಗೆ ಹೇಳಿದರು, "ಆ ಜಾಗದಲ್ಲಿ ನನ್ನ ಹೆಸರಲ್ಲದೆ ಬೇರೆ ಹೆಸರು ಬರೆದಿಲ್ಲ." ಒದ್ದ ಕಾಲು ನನ್ನದೆಂದು ಅವರಿಗೆ ಗೊತ್ತಿತ್ತೋ ಏನೋ. ನನಗಂತೂ ನಾಚಿಕೆಯಾಯಿತು.

ಸೋಮವಾರ ಸೀಸೆಗಳು ವಿಮಾನ ಹತ್ತಿದವು. ಮೂರು ಗಂಟೆಗೆ ಎಲ್ಲರೂ ಕಾಫಿ ಹಿಡಿದು ಸಂಭ್ರಮದಲ್ಲಿದ್ದಾಗ ಹೊವಿತಾ ಬಂದು ನನ್ನ ಮುಂದೆ ಹಾವು ಕಳಿಸಿದವರ ಫೋನ್ ನಂಬರುಗಳಿದ್ದ ಒಂದು ಹಾಳೆ ಇಟ್ಟಳು.

"ಇಂಥವು ಇನ್ನೂ ಒಂಬತ್ತಿವೆ," ಅಂದಳು. "ಇಪ್ಪತ್ತೇಳು ವರ್ಷದ್ದು ಪೂರ್ತಿ ನೋಡ್ದೆ. ಅತ್ತಿಮರ, ಸೇತುವೆ, ಹಾಲಿನ ಡೇರಿ, ಎಲ್ಲ ಹೋಗಿದೆ ಅಂತ ಬರ್ಕೊಂಡಿದೀನಿ. ಅದೇ ಹೆಸರಿನ ಬೇರೆ ಊರಲ್ಲಿ ಇನ್ನೂ ಇದ್ರೂ ಇರಬಹುದು."

ಹಳೆಯ ಮದ್ದು, ಖರ್ಚಾಗಿ ಹೋದದ್ದು, ಯಾರೂ ಕೇಳುವವರಿಲ್ಲ ಎಂದು ಹೇಳಬಹುದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡು, ಹಾಳೆಯನ್ನು ಹತ್ತಿರ ತೆಗೆದುಕೊಂಡು, ಮೊದಲನೆಯ ನಂಬರಿಗೆ ಫೋನ್ ಹಚ್ಚಿದೆ.