ಕುನ್ಸುಲು ಕೈಯೆತ್ತದ ಇಳಿಜಾರು

ನನ್ನ ಅತ್ತಿಗೆ ಕುನ್ಸುಲುಗೆ ಭಯವೆಂದರೇನೆಂದು ಗೊತ್ತಿಲ್ಲ ಎಂದು ಊರಿನವರು ಹೇಳುತ್ತಾರೆ. ಅದು ಶುದ್ಧ ಸುಳ್ಳು. ಅವಳು ಹೆದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದೂ ಹಾಡುಹಗಲಲ್ಲಿ, ಕರಾಝೆಲ್ ಬೆಟ್ಟದ ಇಳಿಜಾರಿನಲ್ಲಿ. ಹೆದರಿಕೆಯಾದರೆ ನಾವೆಲ್ಲ ಕೈಕಾಲು ಬಡಿಯುತ್ತೇವೆ, ಅವಳು ಅಲುಗಾಡದೆ ಕೂರುತ್ತಾಳೆ. ವ್ಯತ್ಯಾಸ ಇಷ್ಟೇ.

ಅವಳ ಅಪ್ಪ ಹಳೆಯ ಸರ್ಕಾರದ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಹನ್ನೆರಡನೇ ವಯಸ್ಸಿಗೇ ಹುಲ್ಲಿನ ಗಾಡಿ ಎಳೆಯುವುದು ಅವಳಿಗೆ ಗೊತ್ತಿತ್ತು. ನನ್ನ ಅಣ್ಣ ತಲಾಪನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಳು. ಗಂಡನ ಕಡೆಯವರನ್ನು ಸೊಸೆ ಹೆಸರು ಹಿಡಿದು ಕರೆಯುವಂತಿಲ್ಲವಲ್ಲ, ಅದಕ್ಕೆ ನನಗೆ 'ದೊರೆ' ಎಂದು ಹೆಸರಿಟ್ಟಳು. ಒಂದು ಬಕೆಟ್ ನೀರನ್ನೂ ಎತ್ತದವನಿಗೆ ಇನ್ನೇನು ಹೆಸರು ಹೊಂದೀತು ಎಂದು ನೆರೆಯವರ ಮುಂದೆ ಕಾರಣವನ್ನೂ ಹೇಳಿದಳು. ಇಪ್ಪತ್ತು ವರ್ಷವಾಯಿತು, ಇವತ್ತಿಗೂ ನಾನು ದೊರೆಯೇ.

ಅಣ್ಣ ಒಂದು ಹಳೆಯ ನಿವಾ ಜೀಪು ಕೊಂಡ. ಗಿಡ್ಡ ಗಾಡಿ, ಅದರ ಹಿಂದೆ ಅದಕ್ಕಿಂತ ಉದ್ದದ ಎರಡು ಚಕ್ರದ ಟ್ರೇಲರ್. ಜೂನ್ ಬಂತೆಂದರೆ ಊರಿಗೆ ಊರೇ ಬೆಟ್ಟದಾಚೆಯ ಬೇಸಿಗೆ ಹುಲ್ಲುಗಾವಲಿಗೆ ಹೊರಡುತ್ತದೆ. ಗುಡಾರದ ಕಂಬಳಿ, ಕಬ್ಬಿಣದ ಒಲೆ, ಕಡಾಯಿ, ರಜಾಯಿ, ಪೆಟ್ಟಿಗೆ ಎಲ್ಲ ಇಂಥ ಟ್ರೇಲರುಗಳಲ್ಲೇ ಹೋಗಬೇಕು. ಭಾರ ಹಿಂದಕ್ಕೆ ಬಿದ್ದರೆ ಟ್ರೇಲರ್ ಎಡಕ್ಕೂ ಬಲಕ್ಕೂ ತೊನೆಯಲು ಶುರುಮಾಡುತ್ತದೆ. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಗಾಬರಿಯಾಗಿ ಬ್ರೇಕ್ ಒತ್ತಿದರೆ ಹಿಂದಿನದು ಮುಂದಿನದನ್ನು ನೂಕಿ ಅಡ್ಡ ಮಲಗಿಸುತ್ತದೆ. ಭಾರವೆಲ್ಲ ಚಕ್ರದಿಂದ ಮುಂದಕ್ಕಿರಲಿ, ತೊನೆಯಲು ಶುರುವಾದರೆ ಪೆಡಲಿನಿಂದ ಕಾಲು ಮೇಲೆತ್ತಿ ಸ್ಟೀರಿಂಗ್ ನೆಟ್ಟಗೆ ಹಿಡಿ, ಬ್ರೇಕು ಮುಟ್ಟಬೇಡ. ಅಣ್ಣನಿಗೆ ಇದನ್ನೆಲ್ಲ ಕಲಿಸಿದವಳು ಅತ್ತಿಗೆಯೇ. ಹೆಂಡತಿಯಿಂದ ಕಲಿತೆ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಿರಲಿಲ್ಲ. ಅವನ ಪರವಾಗಿ ನಾಚಿಕೊಳ್ಳಲು ನಾವಿದ್ದೆವು.

ಆ ಅಣ್ಣನೇ ಕರಾಝೆಲ್‌ನಲ್ಲಿ ಗಾಡಿ ಉರುಳಿ ಸತ್ತ. ಪಕ್ಕದ ಸೀಟಿನಲ್ಲಿ ನಮ್ಮ ತಾಯಿ ಉರ್ಕಿಯಾ ಅಪಾ ಇದ್ದರು; ತಾಯಿಯನ್ನು ನಮ್ಮಲ್ಲಿ ಅಪಾ ಎನ್ನುವುದು. ಅವರ ಸೊಂಟ ಮುರಿಯಿತು, ಜೀವ ಉಳಿಯಿತು. ಏನಾಯಿತೆಂದು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು: ಅಲ್ಲಿ ಸತ್ತವರು ಅವನನ್ನು ಕರೆದುಕೊಂಡರು. ಊರು ಅದನ್ನು ನಂಬಿತು. ನಾನೂ ನಂಬಿದೆ.

ನಂಬದೆ ಏನು ಮಾಡುವುದು? ಅಷ್ಟರಲ್ಲಾಗಲೇ ಅಲ್ಲಿ ಮೂರು ಕಲ್ಲುಗಳಿದ್ದವು. ಮೊದಲನೆಯದು ಹುಲ್ಲು ಸಾಗಿಸುತ್ತಿದ್ದವನದು, ಎರಡನೆಯದು ಕಲ್ಲಂಗಡಿ ವ್ಯಾಪಾರಿಯದು, ಮೂರನೆಯದು ಹೊಸದಾಗಿ ಮದುವೆಯಾದವನೊಬ್ಬನದು. ಎಲ್ಲರೂ ಟ್ರೇಲರ್ ಕಟ್ಟಿಕೊಂಡು ಇಳಿಯುತ್ತಿದ್ದವರೇ. ಸತ್ತ ಜಾಗದಲ್ಲಿ ಕಪ್ಪು ಕಲ್ಲು ನಿಲ್ಲಿಸಿ ಅದರ ಮೇಲೆ ಮುಖ ಕೆತ್ತಿಸುವುದು ನಮ್ಮಲ್ಲಿ ವಾಡಿಕೆ. ತಲಾಪನದು ನಾಲ್ಕನೆಯದು. ನಾಲ್ಕು ಮುಖಗಳೂ ಇಳಿಜಾರಿನ ಮೇಲ್ಗಡೆಗೆ ತಿರುಗಿ, ಇಳಿದು ಬರುವವರನ್ನೇ ನೋಡುತ್ತ ನಿಂತಿದ್ದವು. ಅಣ್ಣನಿಗೂ ನನಗೂ ಒಂದೇ ಮುಖ. ನನ್ನ ಮುಖವೇ ಅಲ್ಲಿಂದ ನನ್ನನ್ನು ನೋಡಿ ನಗುವುದು ಕಂಡಾಗಲೆಲ್ಲ ಕಣ್ಣು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ಗಂಡನ ನಲವತ್ತನೇ ದಿನದ ಊಟ ಮುಗಿದ ಮರುದಿನ ಅತ್ತಿಗೆ ಒಬ್ಬಳೇ ಅಲ್ಲಿಗೆ ಹೋಗಿ, ರಸ್ತೆಯ ಮೇಲೆ ಟೈರು ಉಜ್ಜಿ ಬಿದ್ದ ಕಪ್ಪು ಗೆರೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದು ಬಂದಳು. ಮೂರು ವರ್ಷದ ಮೇಲೆ ಇನ್ನೊಬ್ಬ ಅಲ್ಲೇ ಉರುಳಿದ. ಅವನು ಬದುಕಿಕೊಂಡ. ಆಗಲೂ ಹೋಗಿ ಅಳೆದಳು. ಹುಲ್ಲು ಸಾಗಿಸುತ್ತಿದ್ದವನು ಉರುಳಿದ್ದನ್ನು ಕಣ್ಣಾರೆ ಕಂಡ ಮುದುಕ ಕುರುಬನನ್ನು ಹುಡುಕಿ ಮಾತಾಡಿಸಿದಳು. ಕೊನೆಗೆ ಒಂದು ಸಂಜೆ ಚಹಾ ಬಗ್ಗಿಸುತ್ತ ನನಗೆ ಹೇಳಿದಳು:

"ದೊರೆ, ಮೊದಲ್ನೇ ಸಾವು ಗಾಳಿಯಿಂದ ಆಗಿದ್ದು. ಉಳಿದವೆಲ್ಲ ಕಲ್ಲಿಂದ ಆದವು. ತಿರುವು ದಾಟಿದ ಕೂಡ್ಲೇ ಕಲ್ಲು ಕಾಣ್ಸುತ್ತೆ. ಗೆರೆ ಶುರುವಾಗೋದೂ ಅಲ್ಲಿಂದಾನೇ."

ನನಗೆ ತಕ್ಷಣ ಅರ್ಥವಾಯಿತು, ಅರ್ಥವಾಗದಿದ್ದರೆ ಚೆನ್ನಾಗಿತ್ತು. ಗೋರಿಯೋ ಸತ್ತವರ ಕಲ್ಲೋ ಕಂಡರೆ ನಾವು ವೇಗ ತಗ್ಗಿಸುತ್ತೇವೆ. ಎರಡೂ ಕೈಗಳನ್ನು ಸ್ಟೀರಿಂಗಿನಿಂದ ತೆಗೆದು, ಅಂಗೈಗಳನ್ನು ಮೇಲಕ್ಕೆ ಹಿಡಿದು, ಪ್ರಾರ್ಥನೆ ಮಾಡಿ ಮುಖ ಸವರಿಕೊಳ್ಳುತ್ತೇವೆ. ಬಯಲಿನಲ್ಲಿ ಅದರಿಂದ ಯಾರಿಗೂ ಏನೂ ಆಗದು. ಕಡಿದಾದ ಇಳಿಜಾರಿನಲ್ಲಿ, ಅಡ್ಡಗಾಳಿ ಬೀಸುವ ಸಂದಿಯಲ್ಲಿ, ಹಿಂದೆ ತೊನೆಯುವ ಭಾರ ಕಟ್ಟಿಕೊಂಡು ಹಾಗೆ ಮಾಡಿದರೆ ಇನ್ನೊಂದು ಕಲ್ಲು ಏಳುತ್ತದೆ. ಕಲ್ಲು ಹೆಚ್ಚಿದಷ್ಟೂ ಪ್ರಾರ್ಥನೆ ಉದ್ದವಾಗುತ್ತದೆ.

ಅತ್ತಿಗೆ ಕೇಳಿದ್ದು ಒಂದೇ. ಆ ನಾಲ್ಕು ಕಲ್ಲುಗಳನ್ನು ಇಳಿಜಾರಿನ ಬುಡದ ಸಮತಟ್ಟಾದ ಜಾಗಕ್ಕೆ ತಂದು ನಿಲ್ಲಿಸಿ, ಗಾಡಿ ಪಕ್ಕಕ್ಕೆ ಹಾಕಿ ನಿಧಾನವಾಗಿ ಪ್ರಾರ್ಥನೆ ಮಾಡೋಣ ಎಂದು. ಸತ್ತವರ ಕಲ್ಲಿಗೆ ಕೈ ಹಾಕುವುದೆಂದರೆ ಸಣ್ಣ ಮಾತೇ? ಉಳಿದ ಮೂರು ಮನೆಯವರು ಜಾರಿಕೊಂಡರು: ಉರ್ಕಿಯಾ ಅಪಾ ತಮ್ಮ ಮಗನ ಕಲ್ಲನ್ನು ಮೊದಲು ಕೀಳಲಿ, ಆಮೇಲೆ ನಮ್ಮದು. ಅಪಾ ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಹೀಗೆ ಅಣ್ಣ ಸತ್ತು ಏಳು ವರ್ಷ ಕಳೆಯಿತು. ಪ್ರತಿ ಜೂನ್‌ನಲ್ಲೂ ಊರಿನ ಟ್ರೇಲರುಗಳೆಲ್ಲ ಅದೇ ದಾರಿಯಲ್ಲಿ ಇಳಿಯುತ್ತಿದ್ದವು, ಮುಂದಿನ ಮುಖ ಯಾರದೋ ಎಂದು ಅತ್ತಿಗೆ ಬೆಟ್ಟದ ಬುಡದಲ್ಲಿ ನಿಂತು ಎಣಿಸುತ್ತಿದ್ದಳು. ಆ ಏಳು ವರ್ಷ ಅಪಾ ಕರಾಝೆಲ್ ಮೇಲೆ ಕಾಲಿಡಲಿಲ್ಲ, ಬೇಸಿಗೆಯನ್ನೆಲ್ಲ ಊರಲ್ಲೇ ಕಳೆದರು.

ಈ ವರ್ಷ ಮಾತ್ರ, ಸಾಯುವ ಮೊದಲು ಒಮ್ಮೆ ಬೆಟ್ಟದ ಹುಲ್ಲಿನ ವಾಸನೆ ನೋಡಬೇಕು ಎಂದರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದಿನ ದಿನವೇ ಅತ್ತಿಗೆ ಒಲೆ, ಕಡಾಯಿ, ಇದ್ದಿಲ ಚೀಲಗಳನ್ನು ಟ್ರೇಲರಿನ ಮುಂಭಾಗಕ್ಕೆ ಜೋಡಿಸಿದ್ದಳು. ಬೆಳಿಗ್ಗೆ ಅವಳು ಹಸು ಹಿಡಿಯಲು ಹೋದಾಗ ಅಪಾ ಅದನ್ನು ನೋಡಿ ಹೌಹಾರಿದರು. ಗುಡಾರದಲ್ಲಿ ಬಾಗಿಲಿಗೆ ಎದುರಿನ ಜಾಗ ಹಿರಿಯರದು, ಅಲ್ಲಿ ಪೆಟ್ಟಿಗೆ ರಜಾಯಿ ಇರಬೇಕು. ಮಸಿಯ ಸಾಮಾನು ಬಾಗಿಲ ಬಳಿ. ಟ್ರೇಲರಿಗೂ ಬಾಗಿಲು ಹಿಂದೆಯೇ ಅಲ್ಲವೇ? ಎಲ್ಲ ಅದಲುಬದಲು ಮಾಡು ಎಂದರು. ನಾನು ಮಾಡಿದೆ. ಜೀವಮಾನದಲ್ಲಿ ಒಮ್ಮೆ ಮೈಬಗ್ಗಿಸಿ ದುಡಿದೆ, ಅದೂ ಇಂಥ ಕೆಲಸಕ್ಕೆ. ಮೇಲೆ ಟಾರ್ಪಾಲು ಕಟ್ಟಿದ್ದರಿಂದ ಅತ್ತಿಗೆಗೆ ತಿಳಿಯಲಿಲ್ಲ. ಬೈಗುಳ ತಪ್ಪಿತಲ್ಲ ಎಂದು ನಾನು ಸುಮ್ಮನಿದ್ದೆ.

ಹತ್ತುವಾಗ ಏನೂ ಗೊತ್ತಾಗಲಿಲ್ಲ. ಬೆಟ್ಟದ ನೆತ್ತಿಯಲ್ಲಿ ಗಾಳಿ ಪೂರ್ತಿ ನಿಂತಿತ್ತು. ಹಕ್ಕಿಯ ಸದ್ದೂ ಇಲ್ಲ. ಅತ್ತಿಗೆ ಮೂರನೇ ಗೇರಿನಲ್ಲೇ ಇಳಿಸತೊಡಗಿದಳು. ತಿರುವು ದಾಟಿದೆವು, ನಾಲ್ಕು ಮುಖಗಳು ಕಂಡವು. ಅದೇ ಗಳಿಗೆಗೆ ಸಂದಿಯಿಂದ ಗಾಳಿ ಹೊಡೆಯಿತು. ಹಿಂದಿನ ಸೀಟಿನಲ್ಲಿದ್ದ ನಾನು ತಿರುಗಿ ನೋಡಿದೆ. ಟ್ರೇಲರ್ ಬಲಕ್ಕೆ ಸರಿದು, ಎಡಕ್ಕೆ ಸರಿದು, ಮತ್ತೆ ಬಲಕ್ಕೆ ಸರಿಯಿತು, ಬರುವುದಿಲ್ಲ ಎಂದು ತಲೆಯಾಡಿಸುವವರ ಹಾಗೆ. ಟಾರ್ಪಾಲಿನೊಳಗೆ ಒಲೆಯ ಬಾಗಿಲು ತೆರೆದು ಮುಚ್ಚಿ ಬಡಿದುಕೊಳ್ಳುತ್ತಿತ್ತು, ಒಳಗಿನಿಂದ ಯಾರೋ ತಟ್ಟಿದಂತೆ.

"ಅತ್ತಿಗೆ, ಒಲೆ ಹಿಂದಿದೆ," ಎಂದೆ. ಅಷ್ಟೇ ಹೊರಟಿತು.

ಅವಳು ಪೆಡಲಿನಿಂದ ಕಾಲು ಮೇಲೆತ್ತಿದಳು. ಎರಡೂ ಕೈ ಸ್ಟೀರಿಂಗಿಗೆ ಅಂಟಿಕೊಂಡಿದ್ದವು, ಗೆಣ್ಣುಗಳು ಬೆಳ್ಳಗಾಗಿದ್ದವು. ಕುತ್ತಿಗೆಯ ನರ ಹೊಡೆದುಕೊಳ್ಳುವುದು ಹಿಂದಿನಿಂದಲೇ ಕಾಣುತ್ತಿತ್ತು. ಅವಳ ಹೆದರಿಕೆ ನಾನು ಕಂಡದ್ದು ಆಗಲೇ. ಮೊದಲ ಕಲ್ಲು ಹೋಯಿತು, ಎರಡನೆಯದು ಹೋಯಿತು. ಜೀಪಿನ ಹಿಂಭಾಗವೂ ಅಲುಗತೊಡಗಿತು. ನನ್ನ ಕೈಗಳು, ನಾಚಿಕೆಯಿಲ್ಲದೆ ಹೇಳುತ್ತೇನೆ, ತಾವಾಗಿಯೇ ಪ್ರಾರ್ಥನೆಗೆ ಎದ್ದಿದ್ದವು. ಅಪಾ ಮಗನ ಮುಖವನ್ನು ನೋಡಿದರು, ಸೊಸೆಯ ಕೈಗಳನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ ತಮ್ಮ ಬಾಯಿಯನ್ನು ತಾವೇ ಅಂಗೈಯಿಂದ ಮುಚ್ಚಿಕೊಂಡರು.

ತಲಾಪನ ಕಲ್ಲು ಕಿಟಕಿಯ ಪಕ್ಕದಲ್ಲೇ ಸರಿದು ಹೋಯಿತು. ಅವನ ಹೆಂಡತಿ ಅತ್ತ ತಿರುಗಲೂ ಇಲ್ಲ. ಮುಂದೆ ರಸ್ತೆ ಮಟ್ಟವಾಗುತ್ತ ಬಂದಂತೆ ತೊನೆತ ಕಡಿಮೆಯಾಯಿತು. ಗಾಡಿ ಬುಡದಲ್ಲಿ ತಾನಾಗಿಯೇ ನಿಂತಿತು.

ನಾನು ಮೊದಲು ಇಳಿದೆ, ಬೈಗುಳಕ್ಕೆ ಸಿದ್ಧನಾಗಿ. ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ. ಅಪಾ ಬಾಗಿಲು ಹಿಡಿದುಕೊಂಡು ಇಳಿದು, ಮೇಲೆ ಮಗನ ಕಲ್ಲಿನತ್ತ ನೋಡಿದರು.

"ಅವತ್ತು ಅವ್ನೂ ಸ್ಟೀರಿಂಗ್ ಹಿಂಗೇ ಹಿಡ್ಕೊಂಡಿದ್ದ," ಎಂದರು. "ಸತ್ತೋರಿಗೆ ಮರ್ಯಾದೆ ಕೊಡಕ್ಕೂ ಬರಲ್ವೇನೋ, ಹೆಂಡ್ತಿ ಕಲ್ಸಿದ್ದು ಇದೇನಾ ಅಂತ ನಾನೇ ಬೈದೆ. ಆಗ ಕೈ ಎತ್ದ."

"ಗೊತ್ತು ಅಪಾ."

"ಹೆಂಗೆ ಗೊತ್ತು?"

"ಒಬ್ನೇ ಇದ್ದಿದ್ರೆ ಎತ್ತಿರ್ತಿರ್ಲಿಲ್ಲ."

ಅಪಾ ಅವಳ ಮುಖವನ್ನೇ ನೋಡಿದರು. ಏಳು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದರು ಇಬ್ಬರೂ. ಯಾಕೆ ಕೇಳಲಿಲ್ಲ ಎಂದು ಅಪಾ ಕೇಳಿದರು. ಕೇಳಿದ್ದರೆ ನೀವು ಉಳಿಯುತ್ತಿರಲಿಲ್ಲ, ಅವನ ಕಡೆಯಿಂದ ನನಗೆ ಉಳಿದಿದ್ದು ನೀವೊಬ್ಬರೇ ಎಂದಳು ಅತ್ತಿಗೆ. 'ನೀನೂ ಇದ್ದೀಯಲ್ಲ ದೊರೆ' ಎಂದು ನನಗೆ ಹೇಳಬಹುದಿತ್ತು, ಹೇಳಲಿಲ್ಲ. ನನಗೂ ಆಗ ಅದು ಬೇಕಿರಲಿಲ್ಲ. ಮೋರೆ ಬೇರೆ ಕಡೆ ತಿರುಗಿಸಿಕೊಂಡು ಕಣ್ಣೀರು ಹಾಕಿದೆ.

ಅಪಾ ತಲೆಯ ಬಿಳಿ ವಸ್ತ್ರವನ್ನು ಬಿಗಿಮಾಡಿಕೊಂಡರು.

"ಹಾರೆ ತಗೊಂಬಾ," ಎಂದರು ನನಗೆ. "ಮೊದ್ಲು ನಮ್ಮನೇದು."

ನಾವು ಮೂವರೂ ರಸ್ತೆಯ ಅಂಚಿನಲ್ಲಿ, ಅಪಾ ಅವರ ಕುಂಟು ಹೆಜ್ಜೆಗೆ ನಮ್ಮ ಹೆಜ್ಜೆ ಹೊಂದಿಸಿಕೊಂಡು, ನಡೆದೇ ಮೇಲೆ ಹತ್ತಿದೆವು.