ಫಾರ್ಸಿ ಕಥೆಗೆ ಎರಡು ಬಾಯಿ

ಕೋವಿಡ್ ಗಲಾಟೆ ತಣ್ಣಗಾದ ವರ್ಷ ನಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಸುತ್ತುವ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಲಕ್ವ ಹೊಡೆದು ಮಾತು ನಿಂತವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಒಂದು ಗಳಿಗೆ ಬಾಯಿ ಮುಚ್ಚಿ ಕೂರದ ನನಗೆ ಹೇಳಿ ಮಾಡಿಸಿದ ನೌಕರಿ ಎಂದು ಮನೆಯವರು ಈಗಲೂ ಛೇಡಿಸುತ್ತಾರೆ.

ಒಂದು ದಿನ ಕೆರೆಬಿಳಚಿಯ ಖಾದರ್ ಸಾಬರನ್ನು ಮಗಳು ಶಬಾನ ಕೈಹಿಡಿದು ಕರೆತಂದಳು. ಸಾಬರಿಗೆ ಹೇಳಿದ್ದೆಲ್ಲ ತಿಳಿಯುತ್ತಿತ್ತು, ತಿರುಗಿ ಹೇಳಲು ಆಗುತ್ತಿರಲಿಲ್ಲ. ಇದನ್ನು ನಾವು ಅಫೇಸಿಯಾ ಎನ್ನುತ್ತೇವೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಮನಸ್ಸಿನಲ್ಲಿರುವ ಪದ ನಾಲಿಗೆಗೆ ಬರುವುದಿಲ್ಲ.

“ರಂಜಾನ್ ಮುಗಿದ ಮೇಲೆ ನನ್ನ ನಿಕಾಹ್ ಐತೆ ಮೇಡಂ. ಅಬ್ಬಾ ಒಪ್ಪಿಗೆ ಕೊಡಬೇಕು. ತಲೆ ಅಲ್ಲಾಡಿಸಿದ್ರೂ ನಡೀತೈತೆ ಅಂತಾರೆ. ನಂಗೆ ಮಾತ್ರ ಅದನ್ನ ಅಬ್ಬನ ಬಾಯಿಂದಾನೇ ಕೇಳ್ಬೇಕು” ಎಂದಳು ಶಬಾನ. ಸಾಬರ ಕಣ್ಣು ತುಂಬಿ ಬಂತು.

ವಾರಗಟ್ಟಲೆ ಚಿತ್ರದ ಕಾರ್ಡ್ ಹಿಡಿದು ಕೂತೆ. ನೀರಿನ ಲೋಟದ ಚಿತ್ರ ನೋಡಿ ಅದರ ಹೆಸರು ಹೇಳಲು ಹೋಗಿ ಸಾಬರು ಬೆವರುತ್ತಿದ್ದರು, ತುಟಿ ಅದುರುತ್ತಿತ್ತು, ಕೊನೆಗೆ ಮುಖ ತಿರುಗಿಸುತ್ತಿದ್ದರು. ಇವರಿಗೆ ಇಷ್ಟವಾದದ್ದು ಏನಾದರೂ ಇದೆಯೇ ಎಂದು ಕೇಳಿದಾಗ ಶಬಾನ ಗುರುವಾರದ ಮಸ್ನವಿಯ ಸಂಗತಿ ಹೇಳಿದಳು.

ಮಸ್ನವಿ ಎಂದರೆ ಎರಡೆರಡು ಸಾಲಿಗೆ ಪ್ರಾಸ ಕೂಡಿಸುತ್ತ ಸಾಗುವ ಫಾರ್ಸಿ ಕಥನಕಾವ್ಯ. ಸೂಫಿಗಳು ದೇವರ ಮೇಲಿನ ಪ್ರೀತಿಯನ್ನು ಇದರಲ್ಲಿ ಕಥೆ ಕಟ್ಟಿ ಹೇಳಿದರು. ಸಾಬರಿಗೆ ಅವರ ಅಜ್ಜ ಬಾಯಿಪಾಠ ಮಾಡಿಸಿದ್ದರು. ಲಕ್ವ ಹೊಡೆಯುವ ಮೊದಲು, ಗುರುವಾರ ಸಂಜೆ ಮನೆಯ ಜಗಲಿಯಲ್ಲಿ ಸಾಬರು ಫಾರ್ಸಿಯ ಎರಡು ಸಾಲು ಹಾಡಿದರೆ, ಗೆಳೆಯ ರುದ್ರಪ್ಪ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವರು. ರುದ್ರಪ್ಪ ಸಂತೇಬೆನ್ನೂರಿನ ಅಡಿಕೆ ವ್ಯಾಪಾರಿ, ಹಣೆ ತುಂಬ ವಿಭೂತಿ. ಒಬ್ಬರ ಸಾಲನ್ನು ಇನ್ನೊಬ್ಬರು ಹೇಳಬಾರದು ಎಂಬುದು ಆ ಜಗಲಿಯ ಕಟ್ಟಳೆ.

ಆ ಗುರುವಾರ ನಾನೂ ಹೋಗಿ ಕೂತೆ. ಅಂಬಿಗನ ಕಥೆ ನಡೆದಿತ್ತು. ಜನರನ್ನೆಲ್ಲ ಹೊಳೆ ದಾಟಿಸುವ ಅಂಬಿಗ ತಾನು ಮಾತ್ರ ಯಾವ ದಡದಲ್ಲೂ ಇಳಿಯುವುದಿಲ್ಲ. ಒಬ್ಬ ಫಕೀರ ಅವನ ಕೈಯಿಂದ ಹುಟ್ಟು ಇಸಿದುಕೊಂಡು ಅವನನ್ನು ದಾಟಿಸುತ್ತಾನೆ. ಫಾರ್ಸಿಯಲ್ಲಿ ಯಾವ ನದಿಯೋ, ರುದ್ರಪ್ಪನವರ ಬಾಯಲ್ಲಿ ಅದು ಹೊನ್ನಾಳಿಯ ತುಂಗಭದ್ರೆಯಾಗಿತ್ತು. ಆದರೆ ಅಂದು ಎರಡೂ ಭಾಷೆ ಅವರದೇ. ಕೇಳಿ ಕೇಳಿ ಅವರಿಗೂ ಫಾರ್ಸಿ ಬಾಯಿಗೆ ಬಂದಿತ್ತು. ಸಾಬರು ನೆಲ ನೋಡುತ್ತ ಕೂತಿದ್ದರು. ಪ್ರತಿ ಸಾಲಿಗೂ ಅವರ ತುಟಿ ಅಲುಗುತ್ತಿತ್ತು, ಅಷ್ಟರಲ್ಲಿ ರುದ್ರಪ್ಪ ಹೇಳಿ ಮುಗಿಸಿರುತ್ತಿದ್ದರು.

ಮನೆಗೆ ಹೊರಟಾಗ ರುದ್ರಪ್ಪನವರನ್ನು ಪಕ್ಕಕ್ಕೆ ಕರೆದೆ. “ಮುಂದಿನ ವಾರ ಫಾರ್ಸಿ ಸಾಲು ಬಂದಾಗ ನೀವು ಸುಮ್ಮನಿರಬೇಕು.”

ಅವರ ಮುಖ ಬಾಡಿತು. “ನಾಕು ಜನದ ಮುಂದೆ ಅವ್ರು ಸೋಲೋದನ್ನ ನೋಡ್ಕಂತ ಕೂರಾಕೆ ನನ್ ಕೈಲಾಗಲ್ರೀ ಮೇಡಂ. ಅವ್ರ ಮರ್ಯಾದೆ ಉಳೀಲಿ ಅಂತಾನೇ ಕಟ್ಟಳೆ ಮುರಿದು ಎರಡೂ ನಾನೇ ಹೇಳ್ತಿರೋದು.”

ನನಗೆ ಅವರ ಮೇಲೆ ಅಕ್ಕರೆ ಉಕ್ಕಿತು. ಆದರೂ ಹಟ ಬಿಡಲಿಲ್ಲ. ಬಾಯಿಪಾಠವಾದದ್ದು ಮಿದುಳಿನಲ್ಲಿ ಬೇರೆ ದಾರಿ ಹಿಡಿದು ಉಳಿದಿರುತ್ತದೆ, ಅದು ಹೊರಬರಲು ಹೊತ್ತು ಬೇಕು ಎಂದು ಬಿಡಿಸಿ ಹೇಳಿದೆ.

ಮುಂದಿನ ಗುರುವಾರ ರುದ್ರಪ್ಪ ಫಕೀರನ ಪ್ರಶ್ನೆಗೆ ಬಂದರು. “ಎಲ್ರನ್ನೂ ದಾಟಿಸ್ತೀಯ, ನಿನ್ನ ಯಾರಪ್ಪ ದಾಟಿಸೋರು?” ಅಷ್ಟು ಹೇಳಿ ನಿಲ್ಲಿಸಿದರು. ಆ ಮೌನ ನನಗೇ ತಡೆಯಲಾಗಲಿಲ್ಲ, ರುದ್ರಪ್ಪನವರಿಗೆ ಹೇಗಿತ್ತೋ. ಸಾಬರ ಗಂಟಲಿನಿಂದ ಮೊದಲು ರಾಗ ಬಂತು, ಅದರ ಹಿಂದೆ ಒಂದು ಪದ, ಆಮೇಲೆ ಎರಡೂ ಸಾಲು. ಅರ್ಥ ಹೇಳಬೇಕಾದ ರುದ್ರಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಬಾಯಿಪಾಠ ಬಂದ ಮಾತ್ರಕ್ಕೆ ಮಾತು ಬಂದಂತಾಗುವುದಿಲ್ಲ. ಹಾಗಾಗಿ ಸಾಲುಗಳ ನಡುವೆ ಚಿಕ್ಕ ಪ್ರಶ್ನೆ ಕೇಳಿ ಕಾಯುವುದನ್ನು ರುದ್ರಪ್ಪನವರಿಗೆ ಹೇಳಿಕೊಟ್ಟೆ. “ಚಾಕ್ಕೆ ಬೆಲ್ಲನೋ ಸಕ್ರೆನೋ ಸಾಬ್ರೆ?” ಎಂದು ಕೇಳಿ ಕಾದರು. “ಸಕ್ರೆ” ಎಂದರು ಸಾಬರು. ಶುಗರ್ ಇರುವ ಮನುಷ್ಯ! ಶಬಾನ ಬೈಯುತ್ತಲೇ ಒಂದು ಚಮಚ ಹಾಕಿ ಕೊಟ್ಟಳು. ನಾನೂ ತಡೆಯಲಿಲ್ಲ.

ನಿಕಾಹ್‌ನ ದಿನ ಖಾಜಿಯವರು ಉರ್ದುವಿನಲ್ಲಿ ಸಾಬರ ಅನುಮತಿ ಕೇಳಿದರು. ತುಂಬಿದ ಮನೆ, ಹೊಸ ಮುಖಗಳು. ಸಾಬರ ತುಟಿ ಅಲುಗಿತು, ಸದ್ದು ಹೊರಡಲಿಲ್ಲ. ಮತ್ತೂ ಕಾದೆವು. “ತಲೆ ಅಲ್ಲಾಡಿಸಿದ್ರೆ ಸಾಕು ಬಿಡ್ರಿ” ಎಂದರು ಯಾರೋ ಹಿರಿಯರು.

“ತಡೀರಿ. ಅವ್ರು ಹೇಳ್ತಾರೆ” ಎಂದರು ರುದ್ರಪ್ಪ.

ಖಾಜಿಯವರೂ ಕಾದರು. ಸಾಬರು ಗೆಳೆಯನ ಕಡೆಗೊಮ್ಮೆ ನೋಡಿ ಉಸಿರೆಳೆದುಕೊಂಡರು. “ಐತೆ. ಒಪ್ಪಿಗೆ... ಐತೆ.”

ಕೇಳಿದ್ದು ಉರ್ದು, ಬಂದದ್ದು ಕನ್ನಡ. ಪರದೆಯ ಆಚೆ ಶಬಾನ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಖಾಜಿಯವರು ನಗುತ್ತ ಮುಂದುವರಿಸಿದರು.

ಪ್ರೀತಿ ಹೆಚ್ಚಾದಾಗ ಇನ್ನೊಬ್ಬರ ಮಾತನ್ನೂ ನಾವೇ ಆಡಿಬಿಡುತ್ತೇವೆ. ಅವರು ತಡವರಿಸುವುದನ್ನು ನೋಡುತ್ತ ಬಾಯಿ ಬಿಗಿಹಿಡಿದು ಕೂರುವುದು ಕಷ್ಟದ ಪ್ರೀತಿ. ವಾಚಾಳಿಯಾದ ನನಗೆ ಈ ವೃತ್ತಿ ಕಲಿಸಿದ್ದು ಅದನ್ನು. ಈಗ ಯಾವ ಮನೆಗೆ ಹೋದರೂ ರೋಗಿಗಿಂತ ಮೊದಲು ಮನೆಯವರಿಗೆ ಕಾಯುವುದನ್ನು ಕಲಿಸುತ್ತೇನೆ.

ಅಂದು ಊಟದ ಪಂಕ್ತಿಯಲ್ಲಿ ರುದ್ರಪ್ಪ ನನ್ನ ಪಕ್ಕ ಕೂತಿದ್ದರು. ಕಣ್ಣು ಇನ್ನೂ ಒದ್ದೆಯಿತ್ತು. “ಕನ್ನಡದಾಗೆ ಹೇಳೋದು ನನ್ ಪಾಲಿನ ಕೆಲ್ಸ ಆಗಿತ್ತು ಮೇಡಂ” ಎಂದರು. “ಅದನ್ನೂ ಕಸ್ಕಂಡ್ರು ನೋಡ್ರಿ.”